ರೊಟ್ಟಿ ಊಟದಲ್ಲೇ ಕೊಲೆಸ್ಟ್ರಾಲ್ ಇಳಿಸುವ ಸೂತ್ರಗಳು

ರಕ್ತ ತಪಾಸಣೆಯ ಬೆನ್ನಿಗೇ ಕೈಗೆ ಬರುವ ಆಹಾರಪಟ್ಟಿಯಲ್ಲಿ ಓಟ್ಸ್, ಆಲಿವ್ ಎಣ್ಣೆ, ಬಾದಾಮಿ ಎಂದಿರುತ್ತದೆ. ಬ್ಯಾಡಗಿ, ರಾಣೆಬೆನ್ನೂರು ಕಡೆಯ ಮನೆಗಳಲ್ಲಿ ಆ ಪಟ್ಟಿ ಹೆಚ್ಚು ದಿನ ಬಾಳುವುದಿಲ್ಲ. ಬಾಳಬೇಕೆಂದೂ ಇಲ್ಲ. ಅದು ಕೇಳುವ ನಾರು, ಒಳ್ಳೆಯ ಕೊಬ್ಬು ಎರಡೂ ನಮ್ಮ ರೊಟ್ಟಿ ಊಟದಲ್ಲೇ ಇವೆ.

1. ಕಾಳುಪಲ್ಯ ದಿನಾ ಇರಲಿ. ಮಡಿಕೆ, ಹೆಸರು, ಅಲಸಂದಿ, ಹುರುಳಿ, ಯಾವುದಾದರೂ ಸರಿ. ಕಾಳಿನಲ್ಲಿರುವ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೋದ ಪಿತ್ತರಸವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ದಿನಕ್ಕೆ 5ರಿಂದ 10 ಗ್ರಾಂ ಇಂಥ ನಾರು ಹೊಟ್ಟೆಗೆ ಬಿದ್ದರೆ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಸುಮಾರು ಶೇ. 5ರಷ್ಟು ತಗ್ಗುತ್ತದೆ. ಜೊತೆಗೆ ಮೆಂತೆ ಪಲ್ಯ, ಹಸಿ ಮೂಲಂಗಿ, ಸೌತೆಕಾಯಿ ಇದ್ದರೆ ಇನ್ನೂ ಒಳ್ಳೆಯದು.

2. ಅಗಸಿ ಹಿಂಡಿ ಮರೆಯಬೇಡಿ. ಇಡೀ ಅಗಸಿ ನುಂಗಿದರೆ ಅರಗದೆ ಹಾಗೆಯೇ ಹೊರಗೆ ಹೋಗುತ್ತದೆ. ಹುರಿದು ಕುಟ್ಟಿ ತಿನ್ನುವ ನಮ್ಮ ಅಜ್ಜಿಯರ ಪದ್ಧತಿಯೇ ಸರಿ. ದಿನಕ್ಕೆ ಎರಡು ಚಮಚ ಸಾಕು, ಉಪ್ಪು ಕಡಿಮೆ ಇರಲಿ. ಹಿಂಡಿಯ ಮೇಲೆ ಎಣ್ಣೆ ಸುರಿದುಕೊಳ್ಳದೆ ಕೆನೆ ತೆಗೆದ ಹಾಲಿನ ಮೊಸರಿನಲ್ಲಿ ಕಲಸಿಕೊಳ್ಳಿ.

3. ಮೆಣಸಿನಕಾಯಿಯನ್ನು ದೂರಬೇಡಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರಿಂದ ಕೊಲೆಸ್ಟ್ರಾಲ್ ಏರುವುದಿಲ್ಲ. ಎಣಗಾಯಿಯ ಮೇಲೆ ಕೆಂಪಗೆ ತೇಲುತ್ತದಲ್ಲ, ಆ ಎಣ್ಣೆಯನ್ನು ನೋಡಿ. ಖಾರದ ಪುಡಿ ಇದ್ದಷ್ಟೇ ಇರಲಿ, ಎಣ್ಣೆ ಅರ್ಧಕ್ಕೆ ಇಳಿಯಲಿ. ಬಣ್ಣ, ರುಚಿ ಎರಡೂ ಉಳಿಯುತ್ತವೆ.

4. ಎಣ್ಣೆಗೆ ಲೆಕ್ಕವಿರಲಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಒಳ್ಳೆಯವು. ಡಾಲ್ಡಾ, ಪಾಮ್ ಎಣ್ಣೆ ಬೇಡ.

5. ಸಂತೆ, ಟೆಂಡರಿನ ದಿನಕ್ಕೆ ಬುತ್ತಿ ಕಟ್ಟಿ. ಪಥ್ಯ ಮುರಿಯುವುದು ಮನೆಯಲ್ಲಲ್ಲ, ಮಾರುಕಟ್ಟೆಯಲ್ಲಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಬೆಳಗಿನಿಂದ ಚೀಲದ ಪಕ್ಕ ಕಾದು ಕೂತ ರೈತನಿಗೆ, ಹಮಾಲರಿಗೆ, ದಲಾಲಿ ಅಂಗಡಿಯ ಗುಮಾಸ್ತನಿಗೆ ಹಸಿವಾದಾಗ ಎದುರಿಗೆ ಕಾಣುವುದು ಬಿಸಿ ಮಿರ್ಚಿ. ಅಲ್ಲಿ ಆಸೆ ತಡೆಯಿರಿ ಎಂದು ಉಪದೇಶ ಮಾಡಿ ಫಲವಿಲ್ಲ, ಹೊಟ್ಟೆ ತುಂಬಿರಬೇಕು. ಎರಡು ರೊಟ್ಟಿ, ಕಾಳುಪಲ್ಯ, ಒಂದು ಬಾಟಲಿ ಮಜ್ಜಿಗೆ ಜೊತೆಗಿರಲಿ. ಚಹಾ ಹೊತ್ತಿಗೆ ಮಂಡಕ್ಕಿ ತಿನ್ನಬೇಕೆನಿಸಿದರೆ ಉಳ್ಳಾಗಡ್ಡಿ, ಟೊಮೆಟೊ, ಒಂದು ಹಿಡಿ ಹುರಿದ ಶೇಂಗಾ ಹಾಕಿಸಿಕೊಳ್ಳಿ. ಮಿರ್ಚಿ ವಾರಕ್ಕೊಮ್ಮೆ, ಒಂದೇ ಒಂದು.

6. ಮನೆಗೆಲ್ಲ ಒಂದೇ ಅಡುಗೆ. ಒಬ್ಬರಿಗಾಗಿ ಬೇರೆ ಪಾತ್ರೆ ಇಟ್ಟರೆ ಅಡುಗೆ ಮಾಡುವವರೂ ಬೇಸರಪಡುತ್ತಾರೆ, ತಿನ್ನುವವರೂ ತಾವು ರೋಗಿ ಎಂದು ಕುಗ್ಗುತ್ತಾರೆ.

7. ಎರಡು ಮೂರು ತಿಂಗಳಿಗೆ ಮತ್ತೆ ಲಿಪಿಡ್ ತಪಾಸಣೆ ಮಾಡಿಸಿ, ಹಳೆಯ ವರದಿಯನ್ನೂ ವೈದ್ಯರಿಗೆ ತೋರಿಸಿ. ಅಂಕಿ ಇಳಿಯಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಲ್‌ಡಿಎಲ್ 190 ದಾಟಿದ್ದರೆ ಊಟದ ಬದಲಾವಣೆಯೊಂದನ್ನೇ ನಂಬಿ ಕಾಯುವುದು ಬೇಡ. ಅಂಥ ಏರಿಕೆ ಎಷ್ಟೋ ಸಲ ವಂಶಪಾರಂಪರ್ಯವಾಗಿ ಬಂದಿರುತ್ತದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿ.