ನಾಣ್ಯ ಬೀಳದಿದ್ದರೆ ಗುರಿ ತಪ್ಪದು

ದೇವದುರ್ಗದ ಪಿ.ಟಿ. ಮಾಸ್ತರರೇ,

ಹನ್ನೆರಡು ಮಕ್ಕಳಿಗೆ ಎರಡೇ ಏರ್ ರೈಫಲ್, ಸರದಿ ಬರುವಷ್ಟರಲ್ಲಿ ಮಕ್ಕಳು ಬೇಸರಪಡುತ್ತಾರೆ ಎಂದು ಬರೆದಿದ್ದೀರಿ. ಪೆಲೆಟ್ ಹಾರಿಸುವುದಷ್ಟೇ ಅಭ್ಯಾಸ ಎಂಬ ಎಣಿಕೆ ಬಿಡಿ, ಅರ್ಧ ತೊಂದರೆ ಕಳೆಯುತ್ತದೆ.

10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಸಣ್ಣದು. ಅಲುಗದ ಮೈ, ಮೆತ್ತಗೆ ಒತ್ತುವ ಬೆರಳು ಇಲ್ಲದೆ ಅದು ಸಿಗದು.

ಮೊದಲು ನಾಣ್ಯದ ಆಟ ಆಡಿಸಿ. ರೈಫಲ್ ಖಾಲಿಯಿದೆ ಎಂದು ನೋಡಿ, ನಳಿಗೆಯ ಮೇಲೆ ನೀವೇ ಒಂದು ರೂಪಾಯಿ ನಾಣ್ಯವಿಡಿ. ಟ್ರಿಗರ್ ಒತ್ತಿದರೂ ಅದು ಬೀಳಬಾರದು. ಖಾಲಿ ಒತ್ತುವ ಸೌಲಭ್ಯವಿರುವ ರೈಫಲ್‌ನಲ್ಲಿ ಮಾತ್ರ ಇದನ್ನು ಮಾಡಿಸಿ. ಖಾಲಿ ಒತ್ತಿದರೆ ಸ್ಪ್ರಿಂಗ್ ರೈಫಲ್ ಕೆಟ್ಟುಹೋಗಬಹುದು.

ಗುರಿ ಕಾಗದವನ್ನು ತಿರುಗಿಸಿ, ಬಿಳಿ ಬದಿಗೆ ಐದು ಪೆಲೆಟ್ ಹೊಡೆಸಿ. ಯಾರ ತೂತುಗಳು ಒತ್ತಟ್ಟಿಗಿವೆಯೋ ಅವರು ಗೆದ್ದರು. ಅಂಕದ ಭಯವಿಲ್ಲದೆ ಮಕ್ಕಳ ಉಸಿರು ತಾನೇ ಹದಕ್ಕೆ ಬರುತ್ತದೆ.

ನಾನು ಎಲ್ಲಕ್ಕಿಂತ ನೆಚ್ಚಿಕೊಂಡದ್ದು ಹೇಳುವ ಆಟ. ಹೊಡೆದವರು ಕಾಗದ ನೋಡುವ ಮೊದಲೇ ‘ಎಡಕ್ಕೆ, ತುಸು ಕೆಳಗೆ’ ಎಂದು ಹೇಳಬೇಕು, ಕಾಯುತ್ತಿರುವ ಜೊತೆಗಾರ ಬರೆದುಕೊಳ್ಳಬೇಕು. ಹೇಳಿದ್ದು ನಿಜವಾದರೆ ಇಬ್ಬರಿಗೂ ಒಂದೊಂದು ಅಂಕ. ತಪ್ಪು ಎಲ್ಲಾಯಿತೆಂದು ಮಗು ತಾನೇ ಕಂಡುಕೊಳ್ಳುತ್ತದೆ, ಸುಮ್ಮನೆ ಕೂರುವವರೂ ಉಳಿಯುವುದಿಲ್ಲ.

ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ ಬೆವರುವ ಕೈ ಜಾರುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ತಿಂಗಳಿಗೊಮ್ಮೆ ಮಾನ್ವಿಯ ಮಕ್ಕಳನ್ನೂ ಕರೆದು ಪಂದ್ಯ ಇಡಿ.

ನಳಿಗೆ ಸದಾ ಗುರಿಯ ಕಡೆಗೇ ಇರಲಿ. ಈ ನಿಯಮ ಮುರಿದ ಮಗು ಎಷ್ಟೇ ಚೆನ್ನಾಗಿ ಹೊಡೆಯಲಿ, ಆ ದಿನ ಮತ್ತೆ ರೈಫಲ್ ಕೊಡಬೇಡಿ.