ಬಾಗಿಲುಳ್ಳ ಮಂಚಗಳು ಕಲಿಸುವ ಪಾಠ

ನಡುರಾತ್ರಿಯಲ್ಲಿ ರೊಟ್ಟಿ ಕೇಳಲು ಬಂದ ಸ್ನೇಹಿತನ ಸಾಮ್ಯವನ್ನು ಈ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಮಕ್ಕಳೊಡನೆ ಮಲಗಿದ್ದ ಮನೆಯವನಿಗೆ ಏಳುವದೇ ತೊಂದರೆಯಾಯಿತು. ಒಂದೇ ಕೋಣೆಯಲ್ಲಿ ಕುಟುಂಬವೆಲ್ಲಾ ಮಲಗುವ ಮನೆಯ ಚಿತ್ರವಿದು. ಅಂಥ ಮನೆಯಲ್ಲಿ ಚಳಿಯಿಂದ ದೇಹವನ್ನೂ ಪರರ ಕಣ್ಣಿನಿಂದ ಮಾನವನ್ನೂ ಕಾಪಾಡಿಕೊಳ್ಳುವದು ಹೇಗೆ? ಯೂರೋಪಿನ ಜನರು ಇದಕ್ಕೆ ಕಂಡ ಉಪಾಯಗಳನ್ನು ಈಗ ವಿಚಾರಿಸುವ.

ಫ್ರಾನ್ಸಿನ ಬ್ರಿಟನಿ ಪ್ರಾಂತದ ರೈತರು ದೊಡ್ಡ ಕಪಾಟಿನಂಥ ಮರದ ಮಂಚವನ್ನು ಮಾಡಿಸುತ್ತಿದ್ದರು. ಅದಕ್ಕೆ ಕೆತ್ತನೆಯ ಜಾರುಬಾಗಿಲುಗಳಿದ್ದವು. ಮಂಚವು ಎತ್ತರವಾದದ್ದರಿಂದ ಅದರ ಮುಂದೆ ಒಂದು ಪೆಟ್ಟಿಗೆಯನ್ನಿಡುವರು. ಅದೇ ಹತ್ತಲು ಮೆಟ್ಟಲು, ಕುಳ್ಳಿರಲು ಆಸನ, ಬಟ್ಟೆಬರೆಗೆ ಭಂಡಾರ. ಒಳಗೆ ಹೋಗಿ ಬಾಗಿಲೆಳೆದರೆ ಮಲಗಿದವರ ಮೈಬಿಸಿಯೇ ಆ ಗೂಡನ್ನು ಬೆಚ್ಚಗಿಡುವದು. ಹಾಲೆಂಡಿನವರು ಇಂಥ ಮಂಚವನ್ನು ಗೋಡೆಯೊಳಗೇ ಕಟ್ಟಿದರು. ಅದು ಗಿಡ್ಡವಾಗಿತ್ತು; ಅದರಲ್ಲಿ ದಿಂಬುಗಳಿಗೆ ಒರಗಿ ಅರೆಕುಳಿತು ನಿದ್ರಿಸುತ್ತಿದ್ದರೆಂದು ಹೇಳುತ್ತಾರೆ. ಐರ್ಲೆಂಡಿನವರದು ಮಡಿಸುವ ಮಂಚ: ಹಗಲಿನಲ್ಲಿ ಒರಗುಬೆಂಚು, ರಾತ್ರಿ ಅದರ ಮುಂಭಾಗವನ್ನು ನೆಲದ ಮೇಲೆ ಬಿಚ್ಚಿದರೆ ಹುಲ್ಲಿನ ಹಾಸಿಗೆ ಹಿಡಿಯುವ ಪೆಟ್ಟಿಗೆ.

ಇವುಗಳನ್ನು ಕಂಡು ನಗಬಾರದು. ಇದ್ದಷ್ಟೇ ಸ್ಥಳದಲ್ಲಿ ಮರ್ಯಾದೆಯಿಂದ ಬಾಳುವ ಜಾಣ್ಮೆ ಇವುಗಳಲ್ಲುಂಟು. ಆದರೆ ಚಳಿಯನ್ನು ತಡೆದ ಬಾಗಿಲು ಗಾಳಿಯನ್ನೂ ತಡೆಯಿತು. ಕ್ಷಯರೋಗದ ಕ್ರಿಮಿಯನ್ನು 1882ರಲ್ಲಿ ರಾಬರ್ಟ್ ಕೋಖ್ ಎಂಬ ಜರ್ಮನ್ ವೈದ್ಯರು ಕಂಡುಹಿಡಿದರು. ರೋಗಿಯು ಕೆಮ್ಮಿದಾಗ ಹೊರಡುವ ಈ ಕ್ರಿಮಿಗಳು ಮುಚ್ಚಿದ ಸ್ಥಳದಲ್ಲಿ ತಾಸುಗಟ್ಟಲೆ ತೇಲುತ್ತವೆ. ಪಕ್ಕದಲ್ಲಿ ಮಲಗಿದ ಮಗು ಅದೇ ಗಾಳಿಯನ್ನು ಉಸಿರಾಡುವದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಕ್ಕಟ್ಟಾದ ಮನೆಗಳಲ್ಲಿಯೂ ಬಾಗಿಲುಳ್ಳ ಮಂಚಗೂಡುಗಳಿದ್ದವು. ಆರೋಗ್ಯದ ನಿಮಿತ್ತ 1900ರಲ್ಲಿ ಹೊಸ ಮನೆಗಳಲ್ಲಿ ಅವು ನಿಷಿದ್ಧವಾದವು.

ನಮ್ಮಲ್ಲಿ ಅಂಥ ಮಂಚಗಳ ವಾಡಿಕೆಯಿಲ್ಲ. ಬೆಳಗಾದೊಡನೆ ಚಾಪೆ ಸುತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕುವ ಒಳ್ಳೇ ಪದ್ಧತಿಯುಂಟು. ಆದರೂ ಮಗುವಿಗೆ ಕೆಮ್ಮು ಬಂದೊಡನೆ ಕಿಟಕಿಗಳನ್ನೆಲ್ಲಾ ಮುಚ್ಚಿ, ತಲೆಯ ಮೇಲಿಂದ ಕಂಬಳಿ ಹೊದಿಸುವ ತಾಯಂದಿರು ಎಷ್ಟು ಮಂದಿ! ಅದೂ ಪ್ರೀತಿಯು ಕಟ್ಟಿದ ಪೆಟ್ಟಿಗೆಯೇ. ರಜೆ ಮುಗಿಸಿ ವಸತಿಗೃಹಕ್ಕೆ ಮರಳುವ ಹುಡುಗಿಯರು ರಾತ್ರಿ ಕಿಟಕಿ ತೆರೆಯಲು ಅಂಜುವದನ್ನು ನಾವು ವರುಷ ವರುಷವೂ ಕಾಣುತ್ತೇವೆ.

ಆದದ್ದರಿಂದ ಈಗ ತಾಯಂದಿರಾಗಿರುವ ನಮ್ಮ ಹಳೇ ವಿದ್ಯಾರ್ಥಿನಿಯರಿಗೆ ನಮ್ಮ ಬಿನ್ನಹವಿಷ್ಟೇ: ಮಗುವಿನ ಮೈಗೆ ಹೊದಿಕೆ ಕೊಡಿರಿ, ಮೂಗಿಗೆ ಗಾಳಿ ಕೊಡಿರಿ. ಎರಡು ವಾರ ಮೀರಿದ ಕೆಮ್ಮನ್ನು ನಾಚಿಕೆಯಿಂದ ಬಚ್ಚಿಡದೆ ವೈದ್ಯರಿಗೆ ತಿಳಿಸಿ ಕಫವನ್ನು ಪರೀಕ್ಷೆ ಮಾಡಿಸಿರಿ. ಕ್ಷಯವು ಇಂದು ಔಷಧದಿಂದ ಗುಣವಾಗುವ ರೋಗ. ಮುಚ್ಚಿಟ್ಟರೆ ಮಾತ್ರ ಮನೆಯವರಿಗೆಲ್ಲಾ ಹಬ್ಬುವದು.