ಅಡ್ಮಿಟ್ ಆಗದ ಚಿಕಿತ್ಸೆಗೆ ಕಾಗದವೇ ಸಾಕ್ಷಿ

ಮೂತ್ರದಲ್ಲಿ ರಕ್ತ ಕಂಡಿದೆ, ನೋವಿಲ್ಲ. ಡಾಕ್ಟರು ದುರ್ಬೀನು ಹಾಕಿ ನೋಡಿದ್ದಾರೆ, ಮೂತ್ರಕೋಶದೊಳಗಿನ ಗಡ್ಡೆಯನ್ನು ಕೆರೆದು ತೆಗೆದಿದ್ದಾರೆ. ಬಯಾಪ್ಸಿ ರಿಪೋರ್ಟು ಕ್ಯಾನ್ಸರ್ ಎಂದಿದೆ, ಆದರೆ ಸ್ನಾಯುವಿನವರೆಗೆ ಇಳಿದಿಲ್ಲ. "ವಾರಕ್ಕೊಂದರಂತೆ ಆರು ಸಲ ಬಂದು ಬಿಸಿಜಿ ಹಾಕಿಸಿಕೊಂಡು ಹೋಗಿ, ಅಡ್ಮಿಟ್ ಆಗಬೇಕಿಲ್ಲ" ಎಂದು ಹೇಳಿ ಕಳಿಸುತ್ತಾರೆ. ಮನೆಯವರಿಗೆ ಎಷ್ಟೋ ಸಮಾಧಾನ. ಕಾನೂನಿನ ತೊಡಕು ಶುರುವಾಗುವುದು ಮಾತ್ರ ಆ ಕೊನೆಯ ಮಾತಿನಿಂದಲೇ.

ಅಡ್ಮಿಟ್ ಆದವರಿಗೆ ಡಿಸ್ಚಾರ್ಜ್ ಸಮ್ಮರಿ ಸಿಗುತ್ತದೆ, ಕೇಸ್ ಶೀಟು ಇರುತ್ತದೆ. ಓಪಿಡಿಯಲ್ಲಿ ಬಂದು ಹೋದವರ ಕೈಯಲ್ಲಿ ಉಳಿಯುವುದು ಒಂದು ಚೀಟಿ, ಒಂದು ಬಿಲ್ಲು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವೈದ್ಯರು ಮೂರು ವರ್ಷ ದಾಖಲೆ ಇಟ್ಟುಕೊಳ್ಳಬೇಕು ಎನ್ನುತ್ತದೆ ನಿಜ. ಆದರೆ ಆ ವಾಕ್ಯದಲ್ಲಿರುವುದು ಒಳರೋಗಿಗಳ ಮಾತು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದೂ ಅದೇ ನಿಯಮಾವಳಿಯಲ್ಲಿದೆ. ಆದರೆ ಬರೆದೇ ಇಡದ ಕಾಗದವನ್ನು ಯಾರು ತಾನೇ ಕೊಟ್ಟಾರು? ಹಾಗಾಗಿ ಮೊದಲ ದಿನದಿಂದಲೇ ಕೇಳಿ ಬರೆಸಿಕೊಳ್ಳಬೇಕು.

ಬಿಸಿಜಿ ಹಾಕುವ ದಿನ ನಡೆಯುವುದಿಷ್ಟು. ಮೂತ್ರ ಪರೀಕ್ಷೆ ಮಾಡುತ್ತಾರೆ. ಸೋಂಕಿದ್ದರೆ ಅಥವಾ ಕಣ್ಣಿಗೆ ಕಾಣುವಂತೆ ರಕ್ತ ಹೋಗುತ್ತಿದ್ದರೆ ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಮರಗಟ್ಟಿಸುವ ಜೆಲ್ಲಿ ಹಾಕಿ, ಸಣ್ಣ ಕ್ಯಾಥೆಟರ್ ತೂರಿಸಿ, ಔಷಧವನ್ನು ಮೂತ್ರಕೋಶದೊಳಗೆ ಬಿಡುತ್ತಾರೆ. ಸಾಮಾನ್ಯವಾಗಿ ಎರಡು ಗಂಟೆ ಮೂತ್ರ ಹಿಡಿದುಕೊಂಡಿರಬೇಕು. ಬಿಸಿಜಿ ಎಂದರೆ ಮಗುವಿನ ತೋಳಿಗೆ ಕ್ಷಯದ ಲಸಿಕೆಯಾಗಿ ಚುಚ್ಚುವ ಅದೇ ಜಾತಿಯ ಜೀವಂತ ಬ್ಯಾಕ್ಟೀರಿಯಾ. ಅದು ಮೂತ್ರಕೋಶದ ಒಳಪದರದಲ್ಲಿ ದೇಹದ ರಕ್ಷಣಾಶಕ್ತಿಯನ್ನು ಕೆರಳಿಸುತ್ತದೆ. 1976ರಲ್ಲಿ ಕೆನಡಾದ ವೈದ್ಯ ಆಲ್ವಾರೊ ಮೊರಾಲಿಸ್ ಮತ್ತು ಸಂಗಡಿಗರು ಇದರ ಫಲವನ್ನು ಪ್ರಕಟಿಸಿದರು. ಅಂದಿನ ಆರು ವಾರದ ಲೆಕ್ಕವೇ ಇಂದಿಗೂ ನಡೆದುಬಂದಿದೆ.

ಔಷಧ ಒಳಗೆ ಹೋಗುವ ಮುಂಚೆ ಸಹಿ ಬೇಕು. ನಮ್ಮಲ್ಲಿ ಒಂದು ರೂಢಿಯಿದೆ: ಮಗ ಡಾಕ್ಟರ ಕೋಣೆಗೆ ಒಬ್ಬನೇ ಹೋಗಿ "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸರ್, ತಡ್ಕೊಳ್ಳಲ್ಲ" ಎಂದು ಕೈಮುಗಿದು, ಫಾರಂಗೆ ತಾನೇ ಸಹಿ ಹಾಕಿ ಬರುತ್ತಾನೆ. ಪ್ರೀತಿಯಿಂದ ಮಾಡಿದ್ದಾದರೂ ಕಾನೂನಿನ ಮುಂದೆ ಆ ಸಹಿಗೆ ಬಲವಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ, 2008ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಗಿತ್ತು. ರೋಗಿ ವಯಸ್ಕರಾಗಿ, ಎಚ್ಚರ ಬಂದ ಮೇಲೆ ತಾವೇ ಹೇಳಬಲ್ಲವರಾಗಿರುವಾಗ, ಜೀವಕ್ಕೇ ಕುತ್ತು ಬಂದಿದ್ದರೆ ಹೊರತು ಬೇರೆಯವರ ಒಪ್ಪಿಗೆ ಸಲ್ಲದು ಎಂದಿತು ನ್ಯಾಯಾಲಯ. ಚಿಕಿತ್ಸೆ ಏನು, ಏಕೆ, ಬದಲಿ ದಾರಿ ಯಾವುದು, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾದೀತು ಎಂಬುದನ್ನು ವೈದ್ಯರು ಹೇಳಿರಬೇಕು. ಬಿಸಿಜಿಯಲ್ಲಿ ಹೇಳಲೇಬೇಕಾದ ಸಂಗತಿಯೊಂದಿದೆ: ಅಪರೂಪಕ್ಕೆ ಆ ಬ್ಯಾಕ್ಟೀರಿಯಾ ಮೈಗೆಲ್ಲ ಹರಡಿ ಕ್ಷಯದ ಮಾತ್ರೆ ನುಂಗಬೇಕಾಗಿ ಬರಬಹುದು.

ಆರು ವಾರಕ್ಕೂ ಸೇರಿಸಿ ಒಂದೇ ಒಪ್ಪಿಗೆ ಪಡೆಯಬಹುದು, ಅದು ತಪ್ಪಲ್ಲ. ಆದರೆ ನಾಲ್ಕನೇ ವಾರಕ್ಕೆ "ಬಿಸಿಜಿ ಸ್ಟಾಕಿಲ್ಲ, ಬೇರೆ ಔಷಧ ಹಾಕ್ತೀವಿ" ಎಂದರೆ ಹಳೆಯ ಸಹಿ ಹೊಸ ಔಷಧಕ್ಕೆ ಸಾಲದು. ಮತ್ತೆ ವಿವರಿಸಿ, ಮತ್ತೆ ಬರೆಸಿಕೊಳ್ಳಬೇಕು. ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಎನ್ನಿ. ನರ್ಸಮ್ಮ ಅವಸರದಲ್ಲಿದ್ದರೂ ಸರಿಯೇ.

ಇನ್ನು ವಿಮೆ. ಹೆಚ್ಚು ಜನ ಎಡವುವುದು ಇಲ್ಲಿ. ಪಾಲಿಸಿಯ 'ಡೇ ಕೇರ್' ವ್ಯಾಖ್ಯೆ ಎಲ್ಲ ಕಂಪನಿಗಳಲ್ಲೂ ಬಹುತೇಕ ಒಂದೇ: ಪೂರ್ಣ ಅಥವಾ ಸ್ಥಳೀಯ ಅರಿವಳಿಕೆಯಲ್ಲಿ, ತಂತ್ರಜ್ಞಾನ ಮುಂದುವರಿದ ಕಾರಣ 24 ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುವ ಚಿಕಿತ್ಸೆ. ಸಾಮಾನ್ಯವಾಗಿ ಓಪಿಡಿಯಲ್ಲೇ ಮಾಡುವ ಚಿಕಿತ್ಸೆ ಇದಕ್ಕೆ ಸೇರದು ಎಂದು ಕೆಳಗೇ ಒಂದು ಸಾಲಿರುತ್ತದೆ. ಕಂಪನಿ ಆ ಸಾಲಿಗೆ ಬೆರಳು ತೋರಿಸಿ "ಇದು ಓಪಿಡಿ" ಎಂದು ಕ್ಲೈಮ್ ತಿರಸ್ಕರಿಸಬಹುದು. ನಿಮ್ಮ ಪಾಲಿಸಿಯ ಡೇ ಕೇರ್ ಪಟ್ಟಿ ತೆರೆದು, ಕೀಮೋಥೆರಪಿ, ಇಮ್ಯುನೊಥೆರಪಿ ಎಂಬ ಪದಗಳು ಎಲ್ಲಿ, ಹೇಗೆ ಬಂದಿವೆ ಎಂದು ನೋಡಿ. ಮೊದಲ ಡೋಸಿಗೆ ಮುಂಚೆಯೇ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕ್ಯಾಥೆಟರ್ ಹಾಕಿದ್ದು, ಮರಗಟ್ಟಿಸುವ ಔಷಧ ಬಳಸಿದ್ದು, ನಿಗಾದಲ್ಲಿಟ್ಟ ಹೊತ್ತು, ಯಾವ ಔಷಧ, ಎಷ್ಟು, ಬ್ಯಾಚ್ ಸಂಖ್ಯೆ ಏನು, ಇವಿಷ್ಟೂ ಇರುವ ಡೇ ಕೇರ್ ಸಮ್ಮರಿಯನ್ನು ಪ್ರತಿ ವಾರ ಕೇಳಿ ಪಡೆಯಿರಿ.

ಇನ್ನೊಂದು ಬಾಗಿಲೂ ಇದೆ, ಏಜೆಂಟರು ಇದನ್ನು ಹೇಳುವುದು ಕಡಿಮೆ. ಗಡ್ಡೆ ಕೆರೆದ ಶಸ್ತ್ರಚಿಕಿತ್ಸೆಗೆ ಅಡ್ಮಿಟ್ ಆಗಿ ಆ ಕ್ಲೈಮ್ ಪಾಸಾಗಿದ್ದರೆ, ಡಿಸ್ಚಾರ್ಜ್ ಆದ ಮೇಲೆ ಅದೇ ಕಾಯಿಲೆಗೆ ಮಾಡಿದ ಖರ್ಚನ್ನೂ ಪಾಲಿಸಿ ಕೊಡುತ್ತದೆ, ಎಷ್ಟೋ ಪಾಲಿಸಿಗಳಲ್ಲಿ 60 ದಿನದವರೆಗೆ. ಬಿಸಿಜಿ ಶುರುವಾಗುವುದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾದ ಎರಡರಿಂದ ನಾಲ್ಕು ವಾರಕ್ಕೆ. ಡಿಸ್ಚಾರ್ಜಿನಿಂದ ಎಣಿಸಿ 14ನೇ ದಿನ ಶುರುವಾದರೆ ಆರನೇ ಡೋಸು 49ನೇ ದಿನಕ್ಕೆ ಮುಗಿಯುತ್ತದೆ. 28ನೇ ದಿನ ಶುರುವಾದರೆ ಆರನೆಯದು 63ನೇ ದಿನ, ಅಂದರೆ ಗಡುವಿನ ಆಚೆ. ಹಾಗೆಂದು ಗಾಯ ಮಾಯುವ ಮುಂಚೆ ಔಷಧ ಹಾಕಿಸಿಕೊಳ್ಳಿ ಎನ್ನುತ್ತಿಲ್ಲ. ದಿನ ಗೊತ್ತುಮಾಡುವವರು ವೈದ್ಯರೇ. ಆದರೆ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಸುಮ್ಮನೆ ಮುಂದೆ ಹೋಗುತ್ತಿದ್ದರೆ ಈ ಲೆಕ್ಕ ತಲೆಯಲ್ಲಿರಲಿ.

ಓಪಿಡಿ ಚೀಟಿಯನ್ನು ಅಲ್ಲಿಯೇ ಓದಿ. ಕಿರಿಯ ಡಾಕ್ಟರು ಅವಸರದಲ್ಲಿ 'ಎರಡು ವರ್ಷದಿಂದ ಮೂತ್ರದಲ್ಲಿ ರಕ್ತ' ಎಂದು ಬರೆದಿದ್ದು, ನಿಜಕ್ಕೂ ಅದು ಎರಡು ತಿಂಗಳಾಗಿದ್ದರೆ, ವಿಮಾ ಕಂಪನಿಗೆ ಅದು ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆಯಾಗುತ್ತದೆ. ತಿದ್ದಿಸಿ, ಸಹಿ ಹಾಕಿಸಿಕೊಳ್ಳಿ. ಬೀಡಿ ಸಿಗರೇಟು ಸೇದಿದ್ದನ್ನು ಮಾತ್ರ ವೈದ್ಯರಿಂದ ಮುಚ್ಚಿಡಬೇಡಿ. ಈ ಕ್ಯಾನ್ಸರಿಗೆ ಹೊಗೆಯೇ ದೊಡ್ಡ ಕಾರಣ, ಬಣ್ಣ ತಯಾರಿಕೆಯ ಕೆಲವು ರಾಸಾಯನಿಕಗಳೂ ಕಾರಣ. ಪಾಲಿಸಿ 60 ತಿಂಗಳು ತಪ್ಪದೆ ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು 'ಹೇಳಿರಲಿಲ್ಲ' ಎಂಬ ನೆಪದಲ್ಲಿ ಕ್ಲೈಮ್ ತಳ್ಳಿಹಾಕುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಈ ಅವಧಿಯನ್ನು ಎಂಟು ವರ್ಷದಿಂದ ಐದಕ್ಕೆ ಇಳಿಸಿತು.

ತಿರಸ್ಕಾರದ ಪತ್ರ ಬಂದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. 50 ಲಕ್ಷ ರೂಪಾಯಿವರೆಗಿನ ದೂರು ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ವಕೀಲನಾಗಿ ನಾನೇ ಇದನ್ನು ಹೇಳುತ್ತಿದ್ದೇನೆ! ಅದೇ ವಿಷಯ ಗ್ರಾಹಕರ ಆಯೋಗದ ಮುಂದಿದ್ದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ. ಆದ್ದರಿಂದ ಯಾವ ಮೆಟ್ಟಿಲನ್ನು ಮೊದಲು ಹತ್ತುವುದೆಂದು ಯೋಚಿಸಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಗಡುವಿದೆ. ನೀವು ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಅಲ್ಲೂ ಶುಲ್ಕವಿಲ್ಲ.

ವಿಮೆಯಿಲ್ಲದವರು ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆದೇ ಖಾಸಗಿಗೆ ಹೋಗಬೇಕು. ನೇರ ಖಾಸಗಿಗೆ ಹೋಗಿ ಹಣ ಕಟ್ಟಿ ಆಮೇಲೆ ಕೇಳಿದರೆ ಕಷ್ಟ. ರಾಷ್ಟ್ರೀಯ ಪ್ಯಾಕೇಜ್ ಪಟ್ಟಿಯಲ್ಲಿ ಮೂತ್ರಕೋಶಕ್ಕೆ ಬಿಸಿಜಿ ಹಾಕುವುದಕ್ಕೇ ನಮೂದಿದೆ. ನಿಮ್ಮ ಪ್ರಕರಣ ಯಾವ ಕೋಡಿಗೆ ಬರುತ್ತದೆಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕೇಳಿ. ಊರು ದೂರವಿದ್ದರೆ ರೈಲು ರಿಯಾಯಿತಿಯ ನಿಗದಿತ ಫಾರಂಗೂ ಅದೇ ದಿನ ಆಸ್ಪತ್ರೆಯ ಸಹಿ ಹಾಕಿಸಿ. ಚಿಕಿತ್ಸೆಗೆಂದು ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಾರರಿಗೆ ಶೇ. 75 ರಿಯಾಯಿತಿ. ಇಎಸ್‌ಐ ಇರುವ ಕಾರ್ಮಿಕರಿಗೆ ಕ್ಯಾನ್ಸರ್ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷ ಕೆಲಸ, ಸಾಕಷ್ಟು ವಂತಿಗೆ ಇದ್ದರೆ ರಜೆಯ ದಿನಗಳಿಗೆ ಸರಾಸರಿ ಕೂಲಿಯ ಶೇ. 80 ಸಿಗುತ್ತದೆ.

ಖಾಸಗಿ ಆಸ್ಪತ್ರೆ ದರಪಟ್ಟಿ ತೋರಿಸದಿದ್ದರೆ, ಬಿಡಿ ಬಿಡಿಯಾಗಿ ಬಿಲ್ಲು ಕೊಡದಿದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಔಷಧವನ್ನು ಹೊರಗಿನ ಅಂಗಡಿಯಲ್ಲಿ ಕೊಳ್ಳುವ ಹಕ್ಕಿದೆ ಎಂದು ರೋಗಿಗಳ ಸನ್ನದು ಹೇಳುತ್ತದೆ. ಬಿಸಿಜಿ ಮಾತ್ರ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕಾದ್ದು. ಬಸ್ಸಿನಲ್ಲಿ ಕೈಚೀಲದಲ್ಲಿಟ್ಟು ತಂದ ವಯಲನ್ನು ಆಸ್ಪತ್ರೆ ಬೇಡವೆಂದರೆ ಅದರಲ್ಲಿ ನ್ಯಾಯವಿದೆ.

ಮನೆಗೆ ಹೊರಡುವ ಮುಂಚೆ ಇನ್ನೊಂದು ಚೀಟಿ ಬೇಕು. ಔಷಧ ಹಾಕಿದ ಮೇಲೆ ಆರು ಗಂಟೆ ಹೊತ್ತು ಕೂತೇ ಮೂತ್ರ ಮಾಡಬೇಕು, ಪ್ರತಿ ಸಲ ಬ್ಲೀಚ್ ಸುರಿದು ಹದಿನೈದು ನಿಮಿಷ ಬಿಟ್ಟು ನೀರು ಹಾಕಬೇಕು. ಎಷ್ಟು ಜ್ವರ ಬಂದರೆ, ಎಷ್ಟು ಹೊತ್ತು ಬಿಡದಿದ್ದರೆ, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು. ಇದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಔಷಧದಿಂದ ತೊಂದರೆಯಾದರೆ ರೋಗಿಯೇ ಕೇಂದ್ರ ಸರ್ಕಾರದ ಔಷಧ ನಿಗಾ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು. ಬರೆದಿಟ್ಟ ಬ್ಯಾಚ್ ಸಂಖ್ಯೆ ಅಲ್ಲೂ ಕೆಲಸಕ್ಕೆ ಬರುತ್ತದೆ. ಚೀಟಿಯ ಒಂದು ಪ್ರತಿ ಫೈಲಿಗೆ, ಇನ್ನೊಂದು ಬಚ್ಚಲುಮನೆಯ ಬಾಗಿಲಿಗೆ.